ಉದ್ಯೋಗ ತಾಣದ ವಿನ್ಯಾಸ: ನಾನು ಕಂಪನಿಯ ಫಾರಂನಿಂದ ಶುರು ಮಾಡುವುದೇಕೆ

ಉದ್ಯೋಗ ತಾಣ ಎಂದೊಡನೆ ಹೆಚ್ಚಿನವರು ಮೊದಲು ಬಿಡಿಸುವುದು ಹುಡುಕಾಟದ ಪುಟ. ನಾನು ಮೊದಲು ಬಿಡಿಸುವುದು ಕಂಪನಿಯವರು ಹುದ್ದೆಯ ವಿವರ ತುಂಬುವ ಫಾರಂ. ಅಭ್ಯರ್ಥಿಯನ್ನು ಕಾಡುವ ಬಹುಪಾಲು ತೊಂದರೆಗಳ ಬೇರು ಅಲ್ಲೇ ಇದೆ. ಸಂಬಳ, ಊರು, ಅನುಭವ ಎಲ್ಲವನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಬರೆದು ಮುಗಿಸಲು ಬಿಟ್ಟರೆ, ಆಮೇಲೆ ಎಷ್ಟು ಫಿಲ್ಟರ್ ಕೊಟ್ಟರೂ ಸೋಸಲು ಮಾಹಿತಿಯೇ ಇರುವುದಿಲ್ಲ.

ಸಂಬಳಕ್ಕೆ ಮೂರು ಅಂಕಣ ಬೇಕು: ಕನಿಷ್ಠ, ಗರಿಷ್ಠ, ಅವಧಿ. ಅವಧಿ ಕೇಳದಿದ್ದರೆ ತಿಂಗಳ ಲೆಕ್ಕದ ಸಂಬಳ ವರ್ಷದ ಲೆಕ್ಕದವುಗಳ ಜೊತೆ ಸೇರಿ ಪಟ್ಟಿಯ ತಳಕ್ಕೆ ಇಳಿಯುತ್ತದೆ. ಕೆಲಸದ ಊರು ಒಂದು ಅಂಕಣ, ಮನೆಯಿಂದಲೋ ಕಚೇರಿಯಿಂದಲೋ ಎನ್ನುವುದು ಇನ್ನೊಂದು. ಕೌಶಲಗಳಲ್ಲಿ ‘ಕಡ್ಡಾಯ’ ಮತ್ತು ‘ಇದ್ದರೆ ಒಳ್ಳೆಯದು’ ಎಂದು ಎರಡು ಗುಂಪು ಮಾಡಿ, ಕಡ್ಡಾಯಕ್ಕೆ ಐದರ ಮಿತಿ ಹಾಕುತ್ತೇನೆ. ಮಿತಿ ಇಲ್ಲದಿದ್ದರೆ ಹದಿನೈದು ಬರೆಯುತ್ತಾರೆ, ಅರ್ಹರೂ ಹಿಂಜರಿಯುತ್ತಾರೆ. ಕೊನೆಯ ದಿನಾಂಕ ಇಲ್ಲದೆ ಪ್ರಕಟಿಸುವ ಬಟನ್ ಕೆಲಸ ಮಾಡಬಾರದು. ಈ ಅಂಕಣಗಳಲ್ಲಿ ಹೆಚ್ಚಿನವು ಪುಟದ ಮಾಹಿತಿಯನ್ನು ಸರ್ಚ್ ಎಂಜಿನ್‌ಗಳಿಗೆ ಅರ್ಥವಾಗುವಂತೆ ಬರೆಯುವ ಸ್ಕೀಮಾ.ಆರ್ಗ್‌ ಎಂಬ ಸಾಮಾನ್ಯ ಮಾದರಿಯಲ್ಲಿ ಹುದ್ದೆಗಳಿಗಿರುವ ಜಾಬ್‌ಪೋಸ್ಟಿಂಗ್ ನಮೂನೆಗೆ ನೇರ ಹೊಂದುತ್ತವೆ. 2017ರಲ್ಲಿ ಶುರುವಾದ ಗೂಗಲ್‌ನ ಉದ್ಯೋಗ ಹುಡುಕಾಟ ಓದುವುದೂ ಅದನ್ನೇ. ಅವಧಿ ಮುಗಿದ ಹುದ್ದೆಯ ಪುಟಕ್ಕೆ ಯಾರಾದರೂ ಹಳೆಯ ಲಿಂಕ್ ಹಿಡಿದು ಬಂದರೆ ‘ಮುಚ್ಚಿದೆ’ ಎಂದು ಮೇಲೆಯೇ ಹೇಳಿ, ಅರ್ಜಿಯ ಬಟನ್ ತೆಗೆದು, ಹೋಲುವ ಹುದ್ದೆಗಳನ್ನು ತೋರಿಸಬೇಕು.

ಹುಡುಕಾಟದಲ್ಲಿ ಎಡವುವುದು ಪದಗಳ ಮೇಲೆ. ಅಕ್ಷರಗಳು ಎಲ್ಲಿ ಬಂದರೂ ಸರಿ ಎಂದು ಹೊಂದಿಸಿದರೆ ‘ಜಾವಾ’ ಎಂಬ ಪ್ರೋಗ್ರಾಮಿಂಗ್ ಭಾಷೆ ಕೇಳಿದವರಿಗೆ ‘ಜಾವಾಸ್ಕ್ರಿಪ್ಟ್’ ಎಂಬ ಬೇರೆಯದೇ ಭಾಷೆಯ ಹುದ್ದೆಗಳು ಸುರಿಯುತ್ತವೆ. ಇಡೀ ಪದ ಹೊಂದಿಸಿದರೂ ಸಾಮಾನ್ಯ ಸರ್ಚ್ ಎಂಜಿನ್‌ಗಳು ಚಿಹ್ನೆಗಳನ್ನು ಉದುರಿಸುವುದರಿಂದ ‘ಸಿ++’, ‘ಸಿ#’ ಭಾಷೆಗಳೆರಡೂ ಬರೀ ‘ಸಿ’ ಆಗುತ್ತವೆ. ಇಂಥವನ್ನು ಮೊದಲೇ ಪಟ್ಟಿ ಮಾಡಿ ಕಾಪಾಡಬೇಕು. ಒಂದೇ ಕೆಲಸಕ್ಕೆ ಹಲವು ಹೆಸರು ಇರುವ ಸಮಸ್ಯೆಗೆ ಯುರೋಪಿಯನ್ ಕಮಿಷನ್‌ನ ‘ಎಸ್ಕೋ’, ಅಮೆರಿಕದ ‘ಓನೆಟ್’ ಎಂಬ ಉದ್ಯೋಗಗಳ ಪಟ್ಟಿಗಳಲ್ಲಿ ಪರ್ಯಾಯ ಹೆಸರುಗಳು ಸಿದ್ಧವಾಗಿ ಸಿಗುತ್ತವೆ. ಫಲಿತಾಂಶ ಸೊನ್ನೆಯಾದಾಗ ‘ಏನೂ ಸಿಗಲಿಲ್ಲ’ ಎಂದಷ್ಟೇ ಹೇಳಿ ಕೈಬಿಡಬಾರದು. ಯಾವ ಫಿಲ್ಟರ್ ತೆಗೆದರೆ ಎಷ್ಟು ಹುದ್ದೆ ಸಿಗುತ್ತವೆ ಎಂದು ಅಲ್ಲೇ ತೋರಿಸಬೇಕು.

ಅರ್ಜಿಯಲ್ಲಿ ಜನರನ್ನು ಓಡಿಸುವುದು ರೆಸ್ಯೂಮೆ ಹಾಕಿಸಿಕೊಂಡು ಅದರಲ್ಲಿರುವುದನ್ನೇ ಮತ್ತೆ ಟೈಪ್ ಮಾಡಿಸುವ ಫಾರಂ. ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಪ್ರಕ್ರಿಯೆಯಲ್ಲಿ ಮತ್ತೆ ಬರೆಸಬಾರದು ಎನ್ನುವುದು 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2ರ (ಅಂಗವಿಕಲರೂ ಬಳಸುವಂತೆ ಜಾಲಪುಟ ರೂಪಿಸುವ ಮಾರ್ಗಸೂಚಿ) 3.3.7ನೇ ನಿಯಮ. ಮಾಹಿತಿಯನ್ನು ತಂತ್ರಾಂಶವೇ ತೆಗೆದು ತುಂಬಲಿ, ಆದರೆ ಅದು ತಪ್ಪುವ ಜಾಗಗಳನ್ನು ತಿಳಿದಿರಬೇಕು. ಎರಡು ಕಾಲಂನ ಪಿಡಿಎಫ್‌ನಲ್ಲಿ ಎಡಬಲದ ಸಾಲುಗಳು ಕಲಸುತ್ತವೆ, ಸ್ಕ್ಯಾನ್ ಮಾಡಿದ ಪುಟದಲ್ಲಿ ಓದಲು ಪಠ್ಯವೇ ಇರುವುದಿಲ್ಲ, 03/04/2021 ಮಾರ್ಚೋ ಏಪ್ರಿಲ್ಲೋ ತಿಳಿಯದು. ಅನುಮಾನವಿದ್ದ ಅಂಕಣವನ್ನು ಖಾಲಿ ಬಿಡುತ್ತೇನೆ. ತಪ್ಪಾಗಿ ತುಂಬಿದ್ದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ, ಖಾಲಿ ಇದ್ದದ್ದು ಬೀಳುತ್ತದೆ. ತಂತ್ರಾಂಶ ತುಂಬಿದ ಅಂಕಣಗಳ ಪಕ್ಕ ‘ಪರಿಶೀಲಿಸಿ’ ಎಂಬ ಗುರುತು ಇಡಬೇಕು.

ಫೋನಿನಲ್ಲಿ ಅರ್ಜಿ ಹಾಕುವವರ ಬಳಿ ರೆಸ್ಯೂಮೆ ಫೈಲ್ ಇಲ್ಲದಿರಬಹುದು. ಫೈಲ್ ಆಮೇಲೆ ಸೇರಿಸುವ ದಾರಿ ಇರಲಿ, ಪ್ರತಿ ಅಂಕಣ ದಾಟಿದಾಗಲೂ ಕರಡು ಉಳಿಯಲಿ. ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಅಂಕಣ ಮುಟ್ಟಿದೊಡನೆ ಐಫೋನ್ ಪುಟವನ್ನು ಹಿಗ್ಗಿಸುತ್ತದೆ, ಬಟನ್ ಪರದೆಯಾಚೆ ಸರಿಯುತ್ತದೆ.

ಇನ್ನು ಅರ್ಜಿ ಕಳಿಸಿದ ಮೇಲಿನ ಮೌನ. ಅದಕ್ಕೆ ಅಭ್ಯರ್ಥಿಯ ಪುಟದಲ್ಲಿ ಎಷ್ಟು ಚಂದದ ಪ್ರಗತಿ ಪಟ್ಟಿ ಬಿಡಿಸಿದರೂ ಪ್ರಯೋಜನವಿಲ್ಲ. ಮದ್ದು ಇರುವುದು ನೇಮಕಾತಿ ಮಾಡುವವರ ಪರದೆಯಲ್ಲಿ. ಒಂದು ಅರ್ಜಿಯ ಸ್ಥಿತಿ ಬದಲಿಸಲು ನಾಲ್ಕು ಕ್ಲಿಕ್ ಬೇಕಾದರೆ ನೂರಾರು ಅರ್ಜಿ ನೋಡುವವರು ಬದಲಿಸುವುದೇ ಇಲ್ಲ. ಹಾಗಾಗಿ ಒಂದೇ ಕೀಲಿಯಲ್ಲಿ ‘ಮುಂದಿನ ಹಂತ’ ಅಥವಾ ‘ಇಲ್ಲ’, ಒತ್ತಿದೊಡನೆ ಮುಂದಿನ ಅರ್ಜಿ ತಾನೇ ತೆರೆಯಬೇಕು. ‘ಇಲ್ಲ’ ಎಂಬ ಸಂದೇಶ ಮಾತ್ರ ಕೆಲವು ಗಂಟೆ ತಡೆದು ಹೋಗಲಿ, ಕೈತಪ್ಪಿ ಒತ್ತಿದ್ದರೆ ಅಷ್ಟರಲ್ಲಿ ಹಿಂಪಡೆಯಬಹುದು. ಅರ್ಜಿ ತೆರೆದ ಮಾತ್ರಕ್ಕೆ ‘ನೋಡಿದ್ದಾರೆ’ ಎಂದು ಅಭ್ಯರ್ಥಿಗೆ ತಿಳಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ಯಾವ ನಿರ್ಧಾರವನ್ನೂ ಹೇಳದೆ ಆಸೆಯನ್ನಷ್ಟೇ ಹುಟ್ಟಿಸುತ್ತದೆ.

ಹುದ್ದೆಯನ್ನು ಮುಚ್ಚುವ ಕ್ರಮವೂ ಮೊದಲು ಹೇಳಿದ ಕಂಪನಿಯ ಫಾರಂಗೇ ಸೇರಿದ್ದು. ಮುಚ್ಚು ಎಂದು ಒತ್ತಿದಾಗ ಉತ್ತರ ಸಿಗದ ಅರ್ಜಿಗಳ ಸಂಖ್ಯೆ, ಅವರಿಗೆ ಹೋಗಲಿರುವ ಸಂದೇಶದ ಕರಡು ಎರಡೂ ತೆರೆಯುತ್ತವೆ. ಅದನ್ನು ಕಳಿಸಿದ ಮೇಲಷ್ಟೇ ಹುದ್ದೆ ಮುಚ್ಚುತ್ತದೆ.