ಸೊರೊರಿಟಿ ಆಯ್ಕೆಯ ವಾರಕ್ಕೆ ಸಿದ್ಧರಾಗುವುದು ಹೇಗೆ?

ಅಮೆರಿಕದ ಟಸ್ಕಲೂಸಾದಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಪ್ರತಿ ಆಗಸ್ಟ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿನಿಯರು ಸೊರೊರಿಟಿಗಳನ್ನು, ಅಂದರೆ ಹೆಣ್ಣುಮಕ್ಕಳ ಸೋದರಿ ಸಂಘಗಳನ್ನು, ಸೇರಲು ಮುಂದಾಗುತ್ತಾರೆ. 'ರಶ್' ಎಂದು ಕರೆಯಲಾಗುವ ಈ ಆಯ್ಕೆ 2021ರಲ್ಲಿ ಟಿಕ್‌ಟಾಕ್ ವಿಡಿಯೊಗಳಿಂದ ಮನೆಮಾತಾಯಿತು. ಅವುಗಳಲ್ಲಿ ಎದ್ದು ಕಾಣುವುದು ಉಡುಗೆ ತೊಡುಗೆ. ನಿಜವಾದ ಸಿದ್ಧತೆಯೇ ಬೇರೆ, ಅದು ಬೇಸಿಗೆ ರಜೆಯಲ್ಲೇ ಆರಂಭವಾಗಬೇಕು.

ಮೊದಲು ಹಣದ ಲೆಕ್ಕ. ಸದಸ್ಯತ್ವ ಶುಲ್ಕ, ಊಟ, ಸಂಘದ ಮನೆಯ ನಿರ್ವಹಣೆ ಎಲ್ಲ ಸೇರಿ ಒಂದು ಸೆಮಿಸ್ಟರ್‌ಗೆ ಸಾವಿರಾರು ಡಾಲರ್ ಆಗಬಹುದು. ಇದನ್ನು ತಂದೆ ತಾಯಿಯ ಜೊತೆ ಕೂತು ಮುಂಚೆಯೇ ತೀರ್ಮಾನಿಸದಿದ್ದರೆ, ಆಹ್ವಾನ ಕೈಗೆ ಬಂದ ದಿನ ಸಂಭ್ರಮದ ನಡುವೆ ಆ ಮಾತು ಎತ್ತುವುದು ಬಹಳ ಕಷ್ಟ. ಅಂಕಗಳ ವಿಷಯವೂ ಅಷ್ಟೇ ಮುಖ್ಯ. ಪ್ರತಿ ಸಂಘಕ್ಕೂ ಕನಿಷ್ಠ ಅಂಕದ ಮಿತಿ ಇರುವುದರಿಂದ ಅಂಕಪಟ್ಟಿ, ಸೇವಾ ಚಟುವಟಿಕೆಗಳ ವಿವರ ಮತ್ತು ಒಂದು ಒಳ್ಳೆಯ ಭಾವಚಿತ್ರವನ್ನು ನೋಂದಣಿಗೆ ಮೊದಲೇ ಜೋಡಿಸಿಟ್ಟುಕೊಳ್ಳಿ.

ಅನಂತರ ಮಾತು. ಆಯ್ಕೆಯ ವಾರದಲ್ಲಿ ಸಂಘಗಳ ಮನೆಗಳಿಗೆ ಸುತ್ತು ಸುತ್ತಾಗಿ ಭೇಟಿ ಕೊಡಬೇಕಾಗುತ್ತದೆ. ಬಾಗಿಲಲ್ಲಿ ಹಾಡಿ, ಚಪ್ಪಾಳೆ ತಟ್ಟಿ ಸ್ವಾಗತಿಸುವ ಮನೆಯೊಳಗೆ ಹೋದ ಮೇಲೆ, ಕಿವಿಗಡಚಿಕ್ಕುವ ಗದ್ದಲದಲ್ಲಿ ಅಪರಿಚಿತರೊಡನೆ ಕೆಲವೇ ನಿಮಿಷ ಮಾತನಾಡಬೇಕು. 'ಯಾವ ಊರು?' ಎಂದು ಕೇಳಿದರೆ ಊರಿನ ಹೆಸರು ಹೇಳಿ ಸುಮ್ಮನಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 'ಹ್ಯೂಸ್ಟನ್, ಆದರೆ ರಜೆಗೆಲ್ಲ ಮೈಸೂರಿನ ಅಜ್ಜಿಮನೆಗೆ ಹೋಗುತ್ತಿದ್ದೆ' ಎಂದರೆ ಎದುರಿನವಳಿಗೆ ಮುಂದೇನು ಕೇಳಬೇಕೆಂಬುದು ತಾನಾಗಿ ಸಿಗುತ್ತದೆ. ನೀವೂ ಕೇಳಿ: ಪರೀಕ್ಷೆಯ ವಾರ ಈ ಮನೆ ಹೇಗಿರುತ್ತದೆ, ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ? ಉತ್ತರ ಹೇಳುವಾಗಿನ ಮುಖಭಾವದಿಂದ ಆ ಮನೆಯ ಬಗ್ಗೆ ಸಾಕಷ್ಟು ತಿಳಿಯುತ್ತದೆ. ರಾತ್ರಿ ಮಲಗುವ ಮುನ್ನ ಪ್ರತಿ ಮನೆಯ ಬಗ್ಗೆ ಎರಡು ಸಾಲು ಬರೆದಿಡಿ, ಏಕೆಂದರೆ ಎರಡನೇ ದಿನಕ್ಕೆ ಎಲ್ಲವೂ ಕಲಸುಮೇಲೋಗರವಾಗುತ್ತದೆ.

ಬಟ್ಟೆಗೆ ಇಷ್ಟು ಸಾಕು: ಅಲಬಾಮಾದ ಆಗಸ್ಟ್ ಬಿಸಿಲು ಸುಡುತ್ತದೆ, ಮನೆಯಿಂದ ಮನೆಗೆ ನಡೆಯಬೇಕು, ಹೊಸ ಚಪ್ಪಲಿ ಕಾಲು ಕಚ್ಚುತ್ತದೆ. ನೀರು, ಬ್ಯಾಂಡೇಜ್ ಪಟ್ಟಿ, ಪುಟ್ಟ ಫ್ಯಾನ್ ಚೀಲದಲ್ಲಿರಲಿ.

ಸುತ್ತು ಕಳೆದಂತೆ ಮನೆಗಳ ಸಂಖ್ಯೆ ಇಳಿಯುತ್ತದೆ. ಅವರು ನಿಮ್ಮನ್ನು ಆರಿಸುವಂತೆ ನೀವೂ ಅವರನ್ನು ಆರಿಸುತ್ತೀರಿ. 'ಪ್ರಿಫರೆನ್ಸ್' ಎಂಬ ಕೊನೆಯ ಸುತ್ತಿನ ನಂತರ ಸಹಿ ಹಾಕುವ ಒಪ್ಪಂದವನ್ನು ಪೂರ್ತಿ ಓದಿ. ಅದರಲ್ಲಿ ನೀವು ಬರೆದ ಸಂಘವೊಂದು ಆಹ್ವಾನ ಕೊಟ್ಟು ನೀವು ನಿರಾಕರಿಸಿದರೆ, ಸೊರೊರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ಗೆ ಸೇರಿದ 26 ಸಂಘಗಳ ಪೈಕಿ ಬೇರಾವುದನ್ನೂ ಮುಂದಿನ ವರ್ಷದ ಆಯ್ಕೆಯವರೆಗೆ ಆ ಕ್ಯಾಂಪಸ್‌ನಲ್ಲಿ ಸೇರುವಂತಿಲ್ಲ. ಆದ್ದರಿಂದ ಸೇರಲು ಮನಸ್ಸಿಲ್ಲದ ಮನೆಯ ಹೆಸರನ್ನು ದಾಕ್ಷಿಣ್ಯಕ್ಕೆ ಬರೆಯಬೇಡಿ.

ಇಲ್ಲಿ ಮನಸ್ಸು ನಿಲ್ಲದಿದ್ದರೆ ದಾರಿ ಮುಚ್ಚಿಲ್ಲ. 1998ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೆಲ್ಟಾ ಫೈ ಒಮೆಗಾದಂತಹ ದಕ್ಷಿಣ ಏಷ್ಯಾ ಹಿನ್ನೆಲೆಯ ಸೊರೊರಿಟಿಗಳು ಹಲವು ಕ್ಯಾಂಪಸ್‌ಗಳಲ್ಲಿವೆ. ಅವುಗಳ ಆಯ್ಕೆ ಬೇರೆ ಸಮಯದಲ್ಲಿ, ಬೇರೆ ಕ್ರಮದಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ಬೆಳೆದ ಕನ್ನಡದ ಹುಡುಗಿಯರು ಸೆಮಿಸ್ಟರ್ ಆರಂಭದಲ್ಲೇ ಅವುಗಳ ಮಾಹಿತಿ ಸಭೆಗೆ ಒಮ್ಮೆ ಹೋಗಿ ಬರಬಹುದು.