ಚೇತಕ್‌ಗೆ ಪರ್ಫಾರ್ಮೆನ್ಸ್ ಪೈಪ್: ಕೂರಿಸೋದು ಅರ್ಧ ಗಂಟೆ, ಜೆಟ್ ಹೊಂದಿಸೋದು ಎರಡು ದಿನ

ಪಿಕಪ್ ಹೆಚ್ಚಿಸಲು ಕಂಪನಿ ಸೈಲೆನ್ಸರ್ ಬದಲು ಹಾಕುವ ಹೊಸ ಪೈಪ್‌ಗೆ ದುಡ್ಡು ಸುರಿಯುವ ಮೊದಲು ಹಳೇ ಸೈಲೆನ್ಸರ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. 2-ಸ್ಟ್ರೋಕ್ ಚೇತಕ್ ಪಿಕಪ್ ಬಿಟ್ಟಿದೆ, ಐವತ್ತರ ಮೇಲೆ ಏಳಲ್ಲ ಅನ್ನುವ ದೂರಿಗೆ ಬಹಳ ಸಲ ಕಾರಣ ಅದರೊಳಗೇ ಇರುತ್ತದೆ: ವರ್ಷಗಟ್ಟಲೆ ಉಳಿದ ಆಯಿಲ್ ಸುಟ್ಟು ಗಟ್ಟಿಯಾದ ಕರಿ. ಹಾಗೇ ಸಿಲಿಂಡರ್‌ನ ಎಕ್ಸಾಸ್ಟ್ ಪೋರ್ಟ್‌ಗೆ (ಹೊಗೆ ಹೊರಬೀಳುವ ಕಿಂಡಿಗೆ) ಟಾರ್ಚ್ ಬಿಡಿ. ಅಲ್ಲೂ ಕರಿ ಕಟ್ಟಿದ್ದರೆ ಪಿಸ್ಟನ್ ಪೋರ್ಟ್ ಮುಚ್ಚುವಷ್ಟು ಕಿಕ್ಕರ್ ತಿರುಗಿಸಿ, ಮೊಂಡು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಸ್ಕ್ರೂ ಡ್ರೈವರ್ ತೂರಿಸಿದರೆ ಪಿಸ್ಟನ್‌ಗೆ ಗೀರು ಬೀಳುತ್ತದೆ. ಇಷ್ಟಕ್ಕೇ ಗಾಡಿ ಸರಿಹೋದರೆ ಪೈಪ್‌ನ ಖರ್ಚು ಉಳೀತು.

ಮೈಸೂರಿಗೆ 2-ಸ್ಟ್ರೋಕ್ ಪರಿಚಯ ಮಾಡಿಕೊಡಬೇಕಿಲ್ಲ. ಯೆಜ್ಡಿ ಬೈಕ್ ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದರೂ, ಯೆಜ್ಡಿಯ ಜೋಡಿ ಸೈಲೆನ್ಸರ್ ಬಿಚ್ಚಿ ಬ್ಯಾಫಲ್ (ಒಳಗೆ ಸದ್ದು ತಗ್ಗಿಸುವ ಭಾಗ) ಸುಟ್ಟು ಕರಿ ಉದುರಿಸುವ ಕೈಗಳು ಊರಲ್ಲಿ ಇನ್ನೂ ಇವೆ. ಆದರೆ ಬ್ಯಾಫಲ್ ಕಿತ್ತೆಸೆದು ‘ಫ್ರೀ ಫ್ಲೋ’ ಅನ್ನುವ ಚಾಳಿಯೂ ಜೊತೆಗೇ ಉಳಿದಿದೆ. ಸದ್ದು ಹೆಚ್ಚಾದರೆ ಶಕ್ತಿ ಹೆಚ್ಚಾಯಿತು ಅಂತ ಅಲ್ಲ. 2-ಸ್ಟ್ರೋಕ್‌ನಲ್ಲಿ ಹೊಗೆ ಸಲೀಸಾಗಿ ಹೊರಗೆ ಹೋದರೆ ಸಾಲದು, ಒತ್ತಡದ ಅಲೆಯೊಂದು ಸರಿಯಾದ ಹೊತ್ತಿಗೆ ವಾಪಸ್ ಬರಬೇಕು.

ಅದು ಹೇಗೆ ಅಂದರೆ: ಪೋರ್ಟ್ ತೆರೆದ ಕೂಡಲೇ ಹೊರಟ ಒತ್ತಡದ ಅಲೆ ಬಿಸಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತದೆ. ಪೈಪ್ ಅಗಲವಾಗುವ ಕಡೆ ಅದು ಹಿಂದಕ್ಕೆ ಹೀರುವ ಅಲೆಯಾಗಿ ತಿರುಗಿ ಸಿಲಿಂಡರ್ ಖಾಲಿಯಾಗಲು ನೆರವಾಗುತ್ತದೆ. ಕೊನೆಯಲ್ಲಿ ಪೈಪ್ ಮತ್ತೆ ಕಿರಿದಾಗುವ ಕಡೆ ಅಪ್ಪಳಿಸಿ ವಾಪಸ್ ಬಂದ ಅಲೆ, ಪೋರ್ಟ್‌ನಿಂದ ಹೊರಗೆ ಜಾರಿದ ಹೊಸ ಪೆಟ್ರೋಲ್ ಮಿಶ್ರಣವನ್ನು ಒಳಕ್ಕೆ ನೂಕುತ್ತದೆ. ನಿಮಿಷಕ್ಕೆ 6000 ಸುತ್ತಿನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್, ಅದರಲ್ಲಿ ಎಕ್ಸಾಸ್ಟ್ ಪೋರ್ಟ್ ತೆರೆದಿರುವುದು 4 ಮಿಲಿಸೆಕೆಂಡಿಗೆ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಅಲೆ ಹೋಗಿ ಬರಬೇಕಾದರೆ ಪೈಪ್ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ ಇರಬೇಕು. ಹಾವಿನ ಹಾಗೆ ಸುತ್ತಿಕೊಂಡ ಆಕಾರ ಅಂದಕ್ಕೆ ಬಂದದ್ದಲ್ಲ, ಆ ಉದ್ದವನ್ನು ಗಾಡಿಯಡಿ ತುರುಕಲು ಬಂದದ್ದು. ಪೈಪ್ ಒಂದು ಸುತ್ತಿಗೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ.

ಯಾವ ಪೈಪ್

ಎರಡು ಜಾತಿ. ಹೊರಗಿನಿಂದ ಕಂಪನಿ ಸೈಲೆನ್ಸರ್ ಥರವೇ ಕಾಣುವ, ಒಳಗೆ ಬೇರೆ ರಚನೆಯ ಬಾಕ್ಸ್ ಪೈಪ್ ಒಂದು. ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಶನ್ ಚೇಂಬರ್ ಇನ್ನೊಂದು. ಬೋರು (ಪಿಸ್ಟನ್ ಓಡಾಡುವ ಸಿಲಿಂಡರ್ ಒಳಮೈ), ಕಾರ್ಬೊರೇಟರ್ ಕಂಪನಿಯದ್ದೇ ಇರುವ 145 ಸಿಸಿ ಚೇತಕ್‌ಗೆ ನಮ್ಮ ಮತ ಬಾಕ್ಸ್ ಪೈಪ್‌ಗೆ. ಚೇಂಬರ್ ಮೇಲಿನ ಸುತ್ತಿನಲ್ಲಿ ಮಜಾ ಕೊಡುತ್ತದೆ ನಿಜ. ಮೂರರಿಂದ ನಾಲ್ಕನೇ ಗೇರಿಗೆ ಹಾಕಿದಾಗ ಸುತ್ತು, ಚೇಂಬರ್ ಕೆಲಸ ಮಾಡುವ ಮಟ್ಟಕ್ಕಿಂತ ಕೆಳಗೆ ಬಿದ್ದು ಗಾಡಿ ನಿದ್ದೆ ಹೋಗುತ್ತದೆ. ಇರ್ವಿನ್ ರಸ್ತೆಯ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವವರಿಗೆ ಅದು ತಲೆನೋವು.

ಚೇತಕ್‌ನದು ವೆಸ್ಪಾ ವಂಶದ ಎಂಜಿನ್. ಆದ್ದರಿಂದ ವೆಸ್ಪಾ ಸ್ಪ್ರಿಂಟ್, ಪಿಎಕ್ಸ್ 125/150 ಅಳತೆಯ ಪೈಪ್‌ಗಳನ್ನು ನೋಡಬೇಕು. 200 ಸಿಸಿ ಪಿಎಕ್ಸ್‌ನ ಪೈಪ್ ಬೇಡ, ಅದರ ಬಾಯಿ ದೊಡ್ಡದು. ಕೊಳ್ಳುವ ಮೊದಲು ನಿಮ್ಮ ಸಿಲಿಂಡರ್ ಸ್ಟಬ್‌ನ (ಪೈಪ್‌ನ ಬಾಯಿ ಕೂರುವ ಗಿಡ್ಡ ಕೊಳವೆಯ) ಹೊರ ವ್ಯಾಸ ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಅರ್ಧ ಮಿ.ಮೀ. ಸಡಿಲವಿದ್ದರೆ ಪೇಸ್ಟ್ ತುಂಬುತ್ತದೆ, ಎರಡು ಮಿ.ಮೀ. ಇದ್ದರೆ ಲೇತ್‌ನಲ್ಲಿ ಬುಷ್ ಮಾಡಿಸಬೇಕು. 8 ಇಂಚು ಚಕ್ರದ ಹಳೇ ಬಜಾಜ್ 150 ಇದ್ದವರು ಚೇಂಬರ್ ಆಸೆ ಬಿಡುವುದು ಒಳ್ಳೇದು, ಮೊದಲನೇ ಹಂಪ್‌ನಲ್ಲೇ ಹೊಟ್ಟೆ ತಗ್ಗುತ್ತದೆ.

ಬಿಚ್ಚುವುದು, ಕೂರಿಸುವುದು

ಹಿಂದಿನ ರಾತ್ರಿಯೇ ಸ್ಟಬ್‌ನ ಕ್ಲ್ಯಾಂಪ್ ಬೋಲ್ಟ್‌ಗೂ ಎಂಜಿನ್ ಕೇಸಿಗೆ ಸೈಲೆನ್ಸರ್ ಹಿಡಿದಿರುವ ದೊಡ್ಡ ಬೋಲ್ಟ್‌ಗೂ ತುಕ್ಕು ಬಿಡಿಸುವ ಆಯಿಲ್ ಹಾಕಿಡಿ. ಬೆಳಿಗ್ಗೆ ಬಲಗಡೆಯ ಡೂಮ್ (ಎಂಜಿನ್ ಮುಚ್ಚುವ ಉಬ್ಬು ತಗಡು) ತೆಗೆದು, ಸೆಂಟರ್ ಸ್ಟ್ಯಾಂಡ್ ಕೆಳಗೆ ಎರಡು ಹಲಗೆ ಕೊಟ್ಟು ಹಿಂಭಾಗ ಎತ್ತರಿಸಿ. ಗಾಡಿಯನ್ನು ಹಳೇ ಟೈರ್ ಮೇಲೆ ಎಡಕ್ಕೆ ಮಲಗಿಸುವುದೂ ಉಂಟು. ಹಾಗೆ ಮಾಡಿದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ಟ್ಯಾಂಕ್ ಬಹುತೇಕ ಖಾಲಿ ಮಾಡಿರಿ. ಹಿಂದಿನ ಚಕ್ರ ತೆಗೆದರೆ ಕೈ ಆಡಿಸಲು ಜಾಗ ಸಿಗುತ್ತದೆ.

ಎರಡೂ ಬೋಲ್ಟ್ ಬಂದ ಮೇಲೆ ಸೈಲೆನ್ಸರ್ ತಿರುಚುತ್ತಾ ಕೆಳಗೆ ಎಳೆಯಿರಿ. ಬರದಿದ್ದರೆ ಕ್ಲ್ಯಾಂಪ್‌ನ ಸೀಳಿಗೆ ಸ್ಕ್ರೂ ಡ್ರೈವರ್ ಕೊಟ್ಟು ಅಗಲಿಸಿ. ಸುತ್ತಿಗೆ ಮುಟ್ಟಬೇಡಿ. ಎರಕದ ಕಬ್ಬಿಣ ಏಟಿಗೆ ಬಾಗುವುದಿಲ್ಲ, ಒಡೆಯುತ್ತದೆ. ಸ್ಟಬ್ ಬಿರುಕು ಬಿಟ್ಟರೆ ಸಿಲಿಂಡರ್ರೇ ಹೋಯಿತು.

ಸ್ಟಬ್‌ನ ಹೊರಮೈಯನ್ನು 120 ನಂಬರಿನ ಎಮರಿ ಬಟ್ಟೆಯಿಂದ ಹೊಳೆಯುವವರೆಗೆ ಉಜ್ಜಿ. ಪುಡಿ ಒಳಗೆ ಬೀಳದ ಹಾಗೆ ಪೋರ್ಟ್‌ಗೆ ಬಟ್ಟೆ ತುರುಕಿ, ಆಮೇಲೆ ಅದನ್ನು ತೆಗೆಯಲು ಮರೆಯಬೇಡಿ. ಹೊಸ ಪೈಪ್‌ನ ಬಾಯೊಳಗೆ ವೆಲ್ಡಿಂಗ್ ಹನಿ ಬೆರಳಿಗೆ ತಗುಲಿದರೆ ಅರದಿಂದ ಸಮ ಮಾಡಿ. ಬಿಸಿ ತಡೆಯುವ ಸಿಲಿಕೋನ್ ಪೇಸ್ಟ್ ಅನ್ನು ಸ್ಟಬ್‌ಗೆ ತೆಳ್ಳಗೆ ಸವರಿ ಪೈಪ್ ಏರಿಸಿ.

ಬೋಲ್ಟ್‌ಗಳನ್ನು ಬಿಗಿಯುವ ಕ್ರಮ ಇಲ್ಲಿ ಮುಖ್ಯ. ಮೊದಲು ಎಲ್ಲಾ ಬೋಲ್ಟ್ ಕೈಬೆರಳಲ್ಲಿ ಹಿಡಿಸಿ, ಯಾವುದನ್ನೂ ಬಿಗಿ ಮಾಡಬೇಡಿ. ಸ್ಟಬ್ ಪೂರ್ತಿ ಕೂತಾಗ ಬ್ರಾಕೆಟ್‌ನ ತೂತು ಎಂಜಿನ್ ಕೇಸಿನ ತೂತಿಗೆ ತಾನಾಗೇ ಎದುರು ನಿಲ್ಲಬೇಕು. ಎರಡು ಮೂರು ಮಿ.ಮೀ. ಆಚೀಚೆ ಇದ್ದರೆ ತೂತನ್ನು ಅರದಲ್ಲಿ ಉದ್ದ ಮಾಡಿ, ಸಂದಿ ಇದ್ದರೆ ವಾಷರ್ ತುಂಬಿ. ಬೋಲ್ಟ್ ಬಲದಿಂದ ಎಳೆದು ಕೂರಿಸಿದ ಪೈಪ್ ಕೆಲವು ನೂರು ಕಿಲೋಮೀಟರ್‌ನಲ್ಲಿ ಬ್ರಾಕೆಟ್ ವೆಲ್ಡಿಂಗ್ ಹತ್ತಿರ ಸೀಳುತ್ತದೆ. ಎಲ್ಲಾ ಹೊಂದಿದ ಮೇಲೆ ಮೊದಲು ಸ್ಟಬ್ ಕ್ಲ್ಯಾಂಪ್, ನಂತರ ಬ್ರಾಕೆಟ್ ಬಿಗಿ ಮಾಡಿ. ಸ್ಪ್ರಿಂಗ್ ಇರುವ ಪೈಪಾದರೆ ಸ್ಪ್ರಿಂಗ್ ಸುರುಳಿಯೊಳಗೆ ಸಿಲಿಕೋನ್ ತುಂಬಿದರೆ ನಡುಕಕ್ಕೆ ಮುರಿಯುವುದು ಕಮ್ಮಿ.

ಇನ್ನೊಂದು ಮಾತು ವೆಲ್ಡಿಂಗ್ ಅಂಗಡಿಗೆ ಹೋಗುವವರಿಗೆ. ಚೇತಕ್‌ನಲ್ಲಿ ಎಂಜಿನ್ನೇ ಸ್ವಿಂಗ್ ಆರ್ಮ್, ಚಕ್ರದ ಜೊತೆ ಅದೂ ಮೇಲೆ ಕೆಳಗೆ ಆಡುತ್ತದೆ. ಪೈಪ್ ಅಲ್ಲಾಡುತ್ತದೆ ಅಂತ ಯಾರಾದರೂ ಬಾಡಿಗೆ ಒಂದು ಪಟ್ಟಿ ಬೆಸೆದುಕೊಟ್ಟರೆ, ಪ್ರತಿ ಗುಂಡಿಗೂ ಪೈಪ್ ಒಂದು ಕಡೆ, ಬಾಡಿ ಒಂದು ಕಡೆ ಎಳೆಯುತ್ತವೆ. ಹಿಡಿತ ಏನಿದ್ದರೂ ಎಂಜಿನ್‌ಗೇ ಇರಲಿ.

ಚಕ್ರ ಹಾಕಿ, ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಕುಲುಕಿಸಿ. ಟೈರಿಗೂ ಪೈಪಿಗೂ ನಡುವೆ ಕನಿಷ್ಠ 10 ಮಿ.ಮೀ. ಉಳಿಯಬೇಕು. ಸ್ಟ್ಯಾಂಡ್ ಮಡಚಿದಾಗ, ಕಿಕ್ಕರ್ ಪೂರ್ತಿ ತುಳಿದಾಗ ತಗಲುತ್ತದಾ ಅಂತಲೂ ನೋಡಿ. ಇಪ್ಪತ್ತು ನಿಮಿಷ ಓಡಿಸಿ, ತಣ್ಣಗಾದ ಮೇಲೆ ಎಲ್ಲಾ ಬೋಲ್ಟ್ ಇನ್ನೊಮ್ಮೆ ಬಿಗಿಯಿರಿ. 50 ಕಿಲೋಮೀಟರ್‌ಗೆ ಮತ್ತೊಮ್ಮೆ.

ಜೆಟ್: ನಿಜವಾದ ಕೆಲಸ ಇಲ್ಲಿಂದ

ಜೆಟ್ ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು. ಹೊಸ ಪೈಪ್ ಎಂಜಿನ್‌ಗೆ ಗಾಳಿ ಜಾಸ್ತಿ ಎಳೆಸುತ್ತದೆ. ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಾಯುತ್ತದೆ, ಹಿಗ್ಗುತ್ತದೆ, ಬೋರಿಗೆ ಕಚ್ಚಿಕೊಳ್ಳುತ್ತದೆ. ‘ಪೈಪ್ ಹಾಕಿಸಿದ ವಾರಕ್ಕೇ ಸೀಜ್’ ಅನ್ನುವ ಕತೆಗಳಲ್ಲಿ ಪೈಪ್‌ನ ತಪ್ಪಿರುವುದಿಲ್ಲ.

ಈಗ ಇದಕ್ಕೆ ಬಂಕಿನ ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್ ಸೇರಿಕೊಂಡಿದೆ. ಮಂಡ್ಯದ ಕಬ್ಬಿನ ಸೀಮೆಗೆ ಎಥನಾಲ್ ಹೊಸ ಮಾತಲ್ಲ. ಆದರೆ ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬೊರೇಟರ್‌ಗೆ ಅದರ ಲೆಕ್ಕ ಬೇರೆ. ಬರೀ ಪೆಟ್ರೋಲ್‌ಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸರಿಯಾದರೆ, ಇ20ಗೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಹಳೇ ಕಂಪನಿ ಜೆಟ್ ಪೈಪ್ ಹಾಕದೆಯೂ ಈಗ ತೆಳುವಾಗಿಯೇ ಓಡುತ್ತಿದೆ ಅಂದ ಹಾಗಾಯಿತು.

ಚೇತಕ್‌ನ ಸ್ಪ್ಯಾಕೋ ಎಸ್‌ಐ ಕಾರ್ಬೊರೇಟರ್‌ನಲ್ಲಿ ಸೂಜಿ ಇಲ್ಲ, ಹಾಗಾಗಿ ಅರ್ಧ ಥ್ರಾಟಲ್ ದಾಟಿದರೆ ಎಲ್ಲವೂ ಮೇನ್ ಜೆಟ್‌ನ ಕೈಯಲ್ಲಿ. ಮೇಲಿನ ಮುಚ್ಚಳ, ಫಿಲ್ಟರ್ ತೆಗೆದರೆ ಜೆಟ್ ಗೋಪುರ ಕಾಣುತ್ತದೆ. ಬಿಚ್ಚುವ ಮೊದಲು ಕಾರ್ಬೊರೇಟರ್ ಬಾಯಿಗೆ ಬಟ್ಟೆ ಮುಚ್ಚಿ. ಗೋಪುರದ ತುದಿಯಲ್ಲಿರುವುದು ಏರ್ ಜೆಟ್, ನಡುವೆ ತೂತುತೂತಿನ ನಳಿಕೆ, ಬುಡದಲ್ಲಿ ಮೇನ್ ಜೆಟ್. ಮೂರನ್ನೂ ತಿರುಚಿ ಎಳೆದರೆ ಬೇರೆಯಾಗುತ್ತವೆ. ಬುಡದ್ದರ ನಂಬರ್ ದೊಡ್ಡದಾದರೆ ಪೆಟ್ರೋಲ್ ಜಾಸ್ತಿ, ತುದಿಯದ್ದು ದೊಡ್ಡದಾದರೆ ಗಾಳಿ ಜಾಸ್ತಿ. ಇದನ್ನು ಅದಲುಬದಲು ಮಾಡಿಕೊಂಡು ಎಂಜಿನ್ ಕಳಕೊಂಡವರಿದ್ದಾರೆ. ಮೇನ್ ಜೆಟ್‌ನ ನಂಬರ್ ಅಂದರೆ ತೂತಿನ ವ್ಯಾಸ, ಮಿ.ಮೀ.ನ ನೂರನೇ ಭಾಗದಲ್ಲಿ: 100 ಅಂದರೆ 1 ಮಿ.ಮೀ. ತಂತಿ ತೂರಿಸಿ ತೂತು ದೊಡ್ಡದು ಮಾಡುವ ಉಪಾಯ ಬೇಡ.

ಬಾಕ್ಸ್ ಪೈಪ್‌ಗೆ ಈಗಿರುವ ನಂಬರಿನಿಂದ 6 ಮೇಲೆ, ಚೇಂಬರ್‌ಗೆ 10 ಮೇಲೆ ಶುರುಮಾಡಿ, ಎರಡೆರಡೇ ಇಳಿಯಿರಿ. ಕೆಳಗಿನಿಂದ ಏರಬೇಡಿ: ಜಾಸ್ತಿಯಾದರೆ ಪ್ಲಗ್ ಕರಿಯಾಗುತ್ತದೆ ಅಷ್ಟೇ, ಕಮ್ಮಿಯಾದರೆ ಬೋರು ಹೋಗುತ್ತದೆ. ಆಯಿಲ್ ಲೀಟರಿಗೆ 25 ಮಿ.ಲೀ. ಇರಲಿ. ಪ್ಲಗ್ ಬಿ7ಎಚ್‌ಎಸ್ ಇದ್ದರೆ ಚೇಂಬರ್ ಹಾಕಿದವರು ಒಂದು ಹಂತ ತಣ್ಣನೆಯ ಬಿ8ಎಚ್‌ಎಸ್‌ಗೆ ಹೋಗಿ, ಸಂದಿ 0.6 ಮಿ.ಮೀ.

ಪರೀಕ್ಷೆ ಹೀಗೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಹೊಸ ಪ್ಲಗ್ ಹಾಕಿ, ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಸುಮಾರು ಒಂದು ಕಿಲೋಮೀಟರ್ ಓಡಿಸಿ. ಥ್ರಾಟಲ್ ಬಿಡದೆ ಕ್ಲಚ್ ಹಿಡಿದು ಅದೇ ಕ್ಷಣಕ್ಕೆ ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ. ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡ ನೋಡಿ. ಚೆನ್ನಾಗಿ ಕುದಿಸಿದ ಕಾಫಿ ಬಣ್ಣ ಸರಿ. ಒದ್ದೆ ಕರಿ ಇದ್ದರೆ ಎರಡು ನಂಬರ್ ಇಳಿಸಿ. ಬಿಳಿ, ಬೂದಿ ಬಣ್ಣ ಅಥವಾ ಸಣ್ಣ ಅಲ್ಯೂಮಿನಿಯಂ ಚುಕ್ಕೆ ಕಂಡರೆ ಗಾಡಿ ತಳ್ಳಿಕೊಂಡಾದರೂ ಮನೆಗೆ ಹೋಗಿ. ಓಡಿಸುವಾಗ ಎಡಗೈಯ ಬೆರಳು ಸದಾ ಕ್ಲಚ್ ಮೇಲಿರಲಿ.

ಜಾಗ ಯೋಚಿಸಿ ಆರಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲಿನ ರಸ್ತೆ ಖಾಲಿ ಕಾಣುತ್ತದೆ. ಸೀಜ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡರೆ ತಡೆಗೋಡೆ ಇಲ್ಲದ ಕಡೆ ಸೀದಾ ನೀರಿಗೆ. ಬೆಳಿಗ್ಗೆ ಆರರ ಹೊತ್ತಿಗೆ ದೂರದವರೆಗೆ ಕಾಣುವ ನೇರ ರಸ್ತೆ ಹುಡುಕಿ. ಬೆಳಗಿನ ತಂಪಲ್ಲಿ ಹೊಂದಿಸುವುದಕ್ಕೆ ಇನ್ನೊಂದು ಲಾಭ ಇದೆ. ತಂಪು ಗಾಳಿ ದಟ್ಟ, ಆಗ ಸರಿಯಾದ ಜೆಟ್ ಮಧ್ಯಾಹ್ನಕ್ಕೆ ತೆಳುವಾಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಹೊಂದಿಸಿದ್ದು ಡಿಸೆಂಬರ್‌ನಲ್ಲಿ ಕೈಕೊಡಬಹುದು. ಮೈಸೂರು ಸಮುದ್ರ ಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿಂದ ಮಂಗಳೂರಿಗೆ ಇಳಿಯುವವರು ಎರಡು ನಂಬರ್ ದೊಡ್ಡ ಜೆಟ್ ಹಾಕಿಕೊಂಡೇ ಹೊರಡಲಿ.

ಚಾಮುಂಡಿ ಬೆಟ್ಟ ಹತ್ತುವುದು ಒಳ್ಳೇ ಪರೀಕ್ಷೆ, ಇಳಿಯುವುದು ಅದಕ್ಕಿಂತ ಕಠಿಣ. ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪೆಟ್ರೋಲ್ ಜೊತೆ ಬರಬೇಕಾದ ಆಯಿಲ್ಲೂ ನಿಲ್ಲುತ್ತದೆ. ಸುತ್ತು ಮಾತ್ರ ಜೋರಾಗಿರುತ್ತದೆ. ಆಗಾಗ ಕ್ಲಚ್ ಹಿಡಿದು ಸಣ್ಣಗೆ ರೇಸ್ ಕೊಡಿ.

ಪೊಲೀಸು, ಪಿಯುಸಿ

ಸದ್ದಿನ, ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ 10,000 ರೂಪಾಯಿವರೆಗೆ ದಂಡ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ 52ನೇ ಕಲಂ ಅಡ್ಡ ಬರುತ್ತದೆ. ಗ್ಲಾಸ್ ವೂಲ್ ತುಂಬಿದ ಕೊನೆಯ ಡಬ್ಬಿ ಇರುವ ಪೈಪನ್ನೇ ಆರಿಸಿ, ಹಳೇ ಸೈಲೆನ್ಸರ್‌ಗೆ ಆಯಿಲ್ ಸವರಿ ಅಟ್ಟದ ಮೇಲಿಡಿ. 2000ದ ಮಾರ್ಚ್ 31ರವರೆಗೆ ತಯಾರಾದ ಗಾಡಿಗೆ ಪಿಯುಸಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5, ಹೈಡ್ರೋಕಾರ್ಬನ್ 9000 ಪಿಪಿಎಂ. ಆಮೇಲಿನ 2-ಸ್ಟ್ರೋಕ್‌ಗೆ ಶೇ 3.5 ಮತ್ತು 6000. ಅಲ್ಲಿ ಅಳೆಯುವುದು ಐಡಲ್‌ನಲ್ಲಿ, ಮೇನ್ ಜೆಟ್‌ಗೆ ಅದರ ಜೊತೆ ಸಂಬಂಧ ಕಮ್ಮಿ. ಕಾರ್ಬೊರೇಟರ್ ಪೆಟ್ಟಿಗೆಯ ಹಿಂದಿನ ಮಿಶ್ರಣದ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ನಯವಾಗಿ ನಿಲ್ಲುವ ಜಾಗ ಹುಡುಕಿ.

ಆಮೇಲೆ ಬರುವ ತೊಂದರೆಗಳು

ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿದರೆ ಸ್ಟಬ್‌ನಲ್ಲಿ ಸೋರಿಕೆ ಇದೆ. ಅಲ್ಲಿ ಕಪ್ಪು ಆಯಿಲ್ ಕಲೆ ಕಂಡೇ ಕಾಣುತ್ತದೆ. ಕಾದ ಮೇಲೆ ಐಡಲ್ ತಾನೇ ಏರಿ ಇಳಿಯದಿದ್ದರೆ ಜೆಟ್ ಬಿಟ್ಟು ಮ್ಯಾಗ್ನೆಟೋ ಕಡೆಯ ಆಯಿಲ್ ಸೀಲ್ ನೋಡಿ. ಅಲ್ಲಿಂದ ಗಾಳಿ ಎಳೆಯುತ್ತಿದ್ದರೆ ಎಷ್ಟು ದೊಡ್ಡ ಜೆಟ್ ಹಾಕಿದರೂ ಸೀಜ್ ತಪ್ಪಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಅರ್ಧ ಕಿಲೋಮೀಟರ್ ಓಡಿ ಉಸಿರು ಕಟ್ಟಿದ ಹಾಗಾದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು, ಟ್ಯಾಪ್‌ನ ಜಾಲರಿ ಸ್ವಚ್ಛ ಮಾಡಿ.

ಸುತ್ತು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕೇಬಲ್‌ನಲ್ಲಿ ಸ್ವಲ್ಪ ಆಟ ಇದೆಯಾ ನೋಡಿ, ಗೇರ್ ಆಯಿಲ್ ಬದಲಿಸಿ: ಎಸ್‌ಎಇ 30, 250 ಮಿ.ಲೀ. ಕಾರಿನ ಎಂಜಿನ್‌ಗೆ ಹಾಕಿ ಮಿಕ್ಕಿದ ಆಯಿಲ್ ಇದಕ್ಕೆ ಸುರಿಯಬೇಡಿ, ಘರ್ಷಣೆ ತಗ್ಗಿಸಲು ಅದಕ್ಕೆ ಸೇರಿಸಿದ ವಸ್ತುಗಳೇ ಪ್ಲೇಟ್ ಜಾರಿಸುತ್ತವೆ. ಆಯಿಲ್ ಬದಲಿಸಿದ ಮೇಲೂ ಜಾರಿದರೆ ಕಾರ್ಕ್ ಪ್ಲೇಟ್, ಸ್ಪ್ರಿಂಗ್ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸ ಪ್ಲೇಟನ್ನು ಹಾಕುವ ಮೊದಲು ಒಂದು ರಾತ್ರಿ ಅದೇ ಆಯಿಲ್‌ನಲ್ಲಿ ನೆನೆಸಿಡಿ.