ರೋಗಿಯ ಕಾಲಿಗೆ ತಕ್ಕ ನಡಿಗೆ

ಹಾಸನದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಚೀಟಿ ಹಿಡಿದು ಬರುವವರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಬಸ್ ಚಾರ್ಜು, ಜೊತೆಗೆ ಹೋದವರ ಊಟ, ತಪ್ಪಿಹೋದ ಕೂಲಿ ಯಾರು ಕೊಡುತ್ತಾರೆ? ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರ. ಮಷೀನಿನ ಕೆಳಗೆ ಮಲಗುವುದು ಕೆಲವೇ ನಿಮಿಷ. ಅಷ್ಟಕ್ಕಾಗಿ ಸುಮಾರು 185 ಕಿ.ಮೀ. ದೂರದ ಊರಲ್ಲಿ ಜಾಗ ಹುಡುಕಿಕೊಂಡು ಇರಬೇಕು. ದುಡ್ಡು ಸಾಲದೆ ಅರ್ಧಕ್ಕೇ ವಾಪಸ್ ಬಂದವರೂ ನನ್ನ ಅಂಗಡಿ ಮುಂದೆ ನಿಂತಿದ್ದಾರೆ.

ಫೆಬ್ರುವರಿ 4 ವಿಶ್ವ ಕ್ಯಾನ್ಸರ್ ದಿನ. ಅದಕ್ಕೆ ಹತ್ತಿರದ ಭಾನುವಾರ ಒಂದು ನಡಿಗೆ ಮಾಡೋಣ, ಬಂದ ದುಡ್ಡನ್ನು ಇಂಥವರ ಓಡಾಟಕ್ಕೂ ಸಂಶೋಧನೆಗೂ ಕೊಡೋಣ ಅಂತ ಕೆಲವರು ಸೇರಿದೆವು. ಹುಡುಗರು ಹತ್ತು ಕಿ.ಮೀ. ಓಟ ಬೇಕು ಅಂದರು. ನಾನು ಒಪ್ಪಲಿಲ್ಲ. ಯಾರಿಗಾಗಿ ಮಾಡುತ್ತೇವೋ ಅವರೇ ನಡೆಯಲು ಆಗದಿದ್ದರೆ ಹೇಗೆ? ಕೀಮೋ ತೆಗೆದುಕೊಂಡವರಲ್ಲಿ ಎಷ್ಟೋ ಜನಕ್ಕೆ ಪಾದ ಜೋಮು ಹಿಡಿಯುತ್ತದೆ, ಬೇಗ ಸುಸ್ತಾಗುತ್ತದೆ. ಅದಕ್ಕೇ ದಾರಿ ಚಿಕ್ಕದಾಗಿಟ್ಟೆವು. ಸಾಲಗಾಮೆ ರಸ್ತೆಯ ಜಿಲ್ಲಾ ಕ್ರೀಡಾಂಗಣದಿಂದ ಹೊರಟು ಮಹಾರಾಜ ಪಾರ್ಕ್ ತಲುಪಿದರೆ ಆಯಿತು. ದಾರಿಯುದ್ದಕ್ಕೂ ಅಂಗಡಿಯವರನ್ನು ಕೇಳಿ ಕುರ್ಚಿ ಹಾಕಿಸಿದೆವು. ಶೌಚಾಲಯ ಎಲ್ಲೆಲ್ಲಿದೆ ಅಂತ ಮೊದಲೇ ನೋಡಿಕೊಂಡೆವು. ಹಿಂದೆ ಒಂದು ಆಂಬುಲೆನ್ಸ್, ಸುಸ್ತಾದವರಿಗೆ ಒಂದು ಆಟೋ. ಫೆಬ್ರುವರಿಯಲ್ಲಿ ನಮ್ಮೂರಿನ ಬೆಳಗಿನ ಚಳಿ ಗೊತ್ತಲ್ವಾ, ಹಾಗಾಗಿ ಆರಕ್ಕೆ ಬೇಡ, ಏಳೂವರೆಗೆ ಅಂತ ಇಟ್ಟುಕೊಂಡೆವು.

ಇನ್ನೊಂದು ಮಾತು ಎಲ್ಲರಿಗೂ ಒತ್ತಿ ಹೇಳಿದೆ. ಕೀಮೋ ನಡೆಯುತ್ತಿರುವಾಗ ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ, ಸೋಂಕು ಬೇಗ ತಗಲುತ್ತದೆ. ಅಂಥವರು ತಮ್ಮ ಡಾಕ್ಟರನ್ನು ಕೇಳದೆ ಗುಂಪಿಗೆ ಬರಬಾರದು. ಬರುವವರು ಮಾಸ್ಕ್ ಹಾಕಿಕೊಳ್ಳಬೇಕು, ಕೆಮ್ಮು ನೆಗಡಿ ಇರುವವರು ಮನೆಯಲ್ಲೇ ಇರಬೇಕು. ಕೊನೆಯಲ್ಲಿ ಹೆಚ್ಚಿಟ್ಟ ಹಣ್ಣು, ಮಜ್ಜಿಗೆ ಕೊಡುವ ಯೋಚನೆ ಇತ್ತು. ಅದನ್ನು ಬಿಟ್ಟು ಬಿಸಿ ಇಡ್ಲಿ, ಕಾಯಿಸಿದ ನೀರು ಕೊಟ್ಟೆವು.

ಪೊಲೀಸ್ ಅನುಮತಿ, ಮೈಕಿನ ಅನುಮತಿ, ಪಾರ್ಕಿನ ಅನುಮತಿ ಎಲ್ಲಕ್ಕೂ ಬೇರೆ ಬೇರೆ ಅರ್ಜಿ. ದಾರಿಯ ನಕ್ಷೆ, ಹೊರಡುವ ಹೊತ್ತು, ಅಂದಾಜು ಜನ, ಜವಾಬ್ದಾರಿ ಹೊತ್ತವರ ಹೆಸರು ಬರೆದು ಒಂದು ತಿಂಗಳು ಮೊದಲೇ ಕೊಟ್ಟರೆ ತೊಂದರೆಯಿಲ್ಲ.

ತಲೆ ಕೆಡಿಸಿದ್ದು ದುಡ್ಡಿನ ವಿಷಯ. ಟೀ ಶರ್ಟ್ ಬೇಡ ಅಂದೆ. ಅದಕ್ಕೇ ಅರ್ಧ ದುಡ್ಡು ಹೋಗುತ್ತದೆ. ಎದೆಗೊಂದು ಬ್ಯಾಡ್ಜ್ ಸಾಕು. ಇಡ್ಲಿ, ಬ್ಯಾನರ್, ಮೈಕಿನ ಖರ್ಚನ್ನು ಊರಿನ ವ್ಯಾಪಾರಿಗಳೇ ಹಂಚಿಕೊಂಡರು. ಜನ ಕೊಟ್ಟದ್ದರಲ್ಲಿ ಒಂದು ರೂಪಾಯಿಯನ್ನೂ ಏರ್ಪಾಡಿಗೆ ಮುಟ್ಟಲಿಲ್ಲ. ಪಾನ್ ಮಸಾಲಾ ಕಂಪನಿಯೊಂದರ ಏಜೆಂಟರು ಪೂರ್ತಿ ಖರ್ಚು ಕೊಡುತ್ತೇವೆ, ನಮ್ಮ ಬ್ಯಾನರ್ ಕಟ್ಟಿ ಅಂತ ಬಂದರು. ಕೈ ಮುಗಿದು ಕಳಿಸಿದೆವು. ಸಂಶೋಧನೆಗೆ ಕೊಡುವವರು, ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ 80ಜಿ ನೋಂದಣಿ ಇರುವ ಸಂಸ್ಥೆಯ ಖಾತೆಗೆ ನೇರವಾಗಿ ಹಾಕಲಿ ಅಂದೆವು. ರಸೀದಿ ಅವರ ಹೆಸರಿಗೇ ಬರುತ್ತದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ, ಇದನ್ನೂ ಮೊದಲೇ ಹೇಳಿಬಿಡಬೇಕು.

"ಸಂಶೋಧನೆಗೆ ಯಾಕಣ್ಣ? ಎಲ್ಲಾ ರೋಗಿಗೇ ಕೊಡಿ" ಅಂದವರು ಬಹಳ. ಅವರಿಗೆ ನನ್ನ ಅಂಗಡಿಯ ಒಂದು ಮಾತ್ರೆ ತೋರಿಸುತ್ತಿದ್ದೆ, ಇಮಾಟಿನಿಬ್. ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್‌ಗೆ 2001ರಲ್ಲಿ ಬಂದದ್ದು. ಅದಕ್ಕೆ ಮುಂಚೆ ಆ ಕಾಯಿಲೆ ಬಂದವರಲ್ಲಿ ಬಹಳಷ್ಟು ಜನ ಕೆಲವೇ ವರ್ಷಗಳಲ್ಲಿ ತೀರಿಹೋಗುತ್ತಿದ್ದರು. ಈಗ ದಿನಾ ಮಾತ್ರೆ ನುಂಗಿಕೊಂಡು ಹೊಲದ ಕೆಲಸ ಮಾಡುವವರಿದ್ದಾರೆ. ಯಾರೋ ಎಲ್ಲೋ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೂತಿದ್ದಕ್ಕೆ ಅಲ್ವಾ ಅದು ನಮ್ಮೂರಿನ ಕೌಂಟರಿಗೆ ಬಂದದ್ದು? ಕೊನೆಗೆ ಕೊಡುವವರೇ ಆರಿಸಿಕೊಳ್ಳಲಿ ಅಂತ ಎರಡು ರಸೀದಿ ಪುಸ್ತಕ ಇಟ್ಟೆವು.

ಕಾಲೇಜುಗಳಿಗೆ ಹೋದಾಗ ಟೆರ್ರಿ ಫಾಕ್ಸ್ ಕಥೆ ಹೇಳಿದೆ. ಕೆನಡಾದ ಹುಡುಗ, ಮೂಳೆಯ ಕ್ಯಾನ್ಸರ್‌ನಿಂದ ಬಲಗಾಲು ಕಳೆದುಕೊಂಡವನು. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿ.ಮೀ. ಓಡಿ ಸಂಶೋಧನೆಗೆ ದುಡ್ಡು ಕೂಡಿಸಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗ ನಿಲ್ಲಿಸಬೇಕಾಯಿತು. ಮರುವರ್ಷ, 22ರ ವಯಸ್ಸಿನಲ್ಲಿ ತೀರಿಕೊಂಡ. ಕ್ಲಾಸ್ ಮುಗಿದ ಮೇಲೆ ಎನ್‌ಎಸ್‌ಎಸ್ ಹುಡುಗಿಯರು ತಾವಾಗಿಯೇ ಹೆಸರು ಬರೆಸಿದರು.

ಅರಕಲಗೂಡು ಕಡೆಯ ಒಬ್ಬ ರೈತರು ಅಂಗಡಿಗೆ ಬಂದು, "ನಾವು ಹೊಗೆಸೊಪ್ಪು ಬೆಳೆಯೋರು ಅಣ್ಣಾ, ನಾವು ಬಂದ್ರೆ ಸರಿ ಕಾಣುತ್ತಾ?" ಅಂತ ಕೇಳಿದರು. ಅವರ ತಂಗಿಗೆ ಬಾಯಿ ಕ್ಯಾನ್ಸರ್. ನನಗೆ ಕರುಳು ಹಿಂಡಿದ ಹಾಗಾಯಿತು. ಬನ್ನಿ, ಮುಂದೆಯೇ ನಡೆಯಿರಿ ಅಂದೆ. ಅವತ್ತೇ ಫಲಕದ ಬರಹ ನೋಡಿದೆವು. ಬೈಯುವ ಸಾಲು ಒಂದೂ ಇರಬಾರದು. "ಬಾಯಿ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ", "30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ" ಅಂತ ದಪ್ಪ ಅಕ್ಷರದಲ್ಲಿ ಬರೆಸಿದೆವು. ಪಾರ್ಕಿನಲ್ಲಿ ನರ್ಸ್ ಒಬ್ಬರನ್ನು ಕೂರಿಸಿದ್ದೆವು. ಭಾಷಣ ಇರಲಿಲ್ಲ. ಹೆಂಗಸರು ಅವರ ಪಕ್ಕ ಕೂತು ಮೆಲ್ಲಗೆ ಕೇಳಿಕೊಂಡು ಹೋದರು. ಹತ್ತು ಭಾಷಣಕ್ಕಿಂತ ಇದು ಮೇಲು ಅಂತ ನನಗೆ ಅನ್ನಿಸುತ್ತದೆ.

ನಗದನ್ನು ಅಲ್ಲೇ ಇಬ್ಬರು ಎಣಿಸಿ ಸಹಿ ಹಾಕಿದರು. ಲೆಕ್ಕದ ಹಾಳೆಯನ್ನು ಅಂಗಡಿ ಬಾಗಿಲಿಗೆ ಅಂಟಿಸಿದೆವು. ಓಡಾಟದ ದುಡ್ಡು ಕೊಡುವುದು ಹೀಗೆ: ಆಸ್ಪತ್ರೆಯ ಚೀಟಿ ಮತ್ತು ಬಸ್ ಅಥವಾ ರೈಲು ಟಿಕೆಟ್ ತೋರಿಸಿದರೆ ರೋಗಿಗೂ ಜೊತೆಗಿರುವ ಒಬ್ಬರಿಗೂ ಚಾರ್ಜು. ಹೋಗಲಿಕ್ಕೇ ದುಡ್ಡಿಲ್ಲದವರಿಗೆ ಮುಂದಿನ ತಾರೀಖು ನೋಡಿ ಮೊದಲೇ ಕೊಡುತ್ತೇವೆ. ರೇಡಿಯೇಷನ್ ನಡೆಯುತ್ತಿರುವವರಿಗೆ ಮೊದಲ ಆದ್ಯತೆ, ಯಾಕೆಂದರೆ ಅದನ್ನು ನಡುವೆ ನಿಲ್ಲಿಸಬಾರದು.